ತೀವ್ರ ವಸಡು ರೋಗ: ಬೇರಿನ ಶುದ್ಧಿಯೇ ಚಿಕಿತ್ಸೆ, ಮಾತ್ರೆ ಅದಕ್ಕೆ ಬೆಂಬಲ

ಹಲ್ಲು ನೋವು ಬಂದರೆ ವೈದ್ಯರ ಬಳಿಗೆ ಹೋಗುವ ನಮ್ಮ ರೈತ ಬಾಂಧವರು ವಸಡಿನಲ್ಲಿ ರಕ್ತ ಬಂದರೆ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ಎಳನೀರು ಕುಡಿದು ಸುಮ್ಮನಾಗುವವರೇ ಹೆಚ್ಚು. ವಸಡು ಊದಿ ಕೀವು ಬಂದಾಗ ಔಷಧಿ ಅಂಗಡಿಯಿಂದ ನಾಲ್ಕಾರು ಮಾತ್ರೆ ತಂದು ನುಂಗುತ್ತಾರೆ. ಎರಡು ಮೂರು ದಿನಗಳಲ್ಲಿ ಊತ ಇಳಿಯುತ್ತದೆ. ರೋಗ ವಾಸಿಯಾಯಿತೆಂದು ತಿಳಿಯುತ್ತಾರೆ. ಕೆಲವು ತಿಂಗಳ ನಂತರ ಅದೇ ಜಾಗದಲ್ಲಿ ಮತ್ತೆ ಕೀವು ಕಾಣಿಸಿಕೊಳ್ಳುತ್ತದೆ, ಮತ್ತೆ ಅದೇ ಮಾತ್ರೆ. ಹೀಗೆ ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಹುಳುಕಿಲ್ಲದ ಗಟ್ಟಿ ಹಲ್ಲುಗಳೇ ಅಲುಗಾಡತೊಡಗಿ, ಒಂದೊಂದಾಗಿ ಉದುರಿಹೋಗುತ್ತವೆ.

ಈ ಲೇಖಕ ದಂತವೈದ್ಯನಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕ. ಆದರೆ ಕಳೆ ಹತೋಟಿಯ ಪಾಠ ಮಾಡುವವರಿಗೆ ವಸಡು ರೋಗದ ಚಿಕಿತ್ಸೆ ಬಹಳ ಪರಿಚಿತವಾಗಿ ಕಾಣುತ್ತದೆ. ಗರಿಕೆ ಮತ್ತು ಜೇಕು ತುಂಬಿದ ಹೊಲವನ್ನು ಉಳುಮೆ ಮಾಡದೆ, ಗಡ್ಡೆ ಬೇರುಗಳನ್ನು ಆರಿಸದೆ, ಮೇಲೆ ಒಮ್ಮೆ ಔಷಧಿ ಹೊಡೆದರೆ ಏನಾಗುತ್ತದೆಂಬುದು ರೈತರಿಗೆ ಗೊತ್ತು. ವಸಡಿನ ವಿಷಯದಲ್ಲಿಯೂ ನಿಯಮ ಅದೇ. ತೀವ್ರ ವಸಡು ರೋಗದಲ್ಲಿ ಆಂಟಿಬಯಾಟಿಕ್ ಎಂದು ನಾವೆಲ್ಲ ಕರೆಯುವ ಪ್ರತಿಜೀವಕ ಔಷಧಿಗಳ ಸ್ಥಾನವೇನು, ಅವು ಯಾರಿಗೆ ಬೇಕು, ಯಾರಿಗೆ ಬೇಡ, ಯಾವಾಗ ತೆಗೆದುಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ರೋಗ ಬರುವ ಬಗೆ

ಹಲ್ಲು ದವಡೆಯ ಮೂಳೆಯಲ್ಲಿ ನೇರವಾಗಿ ಹೂತುಕೊಂಡಿಲ್ಲ. ಬೇರಿನ ಸುತ್ತ ಇರುವ ಸಣ್ಣ ಸಣ್ಣ ನಾರುಗಳು ಅದನ್ನು ಮೂಳೆಗೆ ಹಿಡಿದಿಟ್ಟಿರುತ್ತವೆ. ಇವೆಲ್ಲವನ್ನೂ ಮೇಲಿನಿಂದ ಮುಚ್ಚಿರುವುದು ವಸಡು. ಹಲ್ಲಿಗೂ ವಸಡಿನ ಅಂಚಿಗೂ ನಡುವೆ ಆರೋಗ್ಯವಂತರಲ್ಲಿಯೂ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಕಾಲುವೆ ಇರುತ್ತದೆ.

ಹಲ್ಲನ್ನು ಸರಿಯಾಗಿ ಉಜ್ಜದಿದ್ದಲ್ಲಿ ಈ ಅಂಚಿನ ಉದ್ದಕ್ಕೂ ಸೂಕ್ಷ್ಮಾಣುಗಳು ಅಂಟಿಕೊಂಡು ಒಂದು ಜಿಗುಟು ಪದರವನ್ನು ಕಟ್ಟುತ್ತವೆ. ಕೆಲವು ದಿನಗಳಲ್ಲಿ ಜೊಲ್ಲಿನಲ್ಲಿರುವ ಸುಣ್ಣ ಮತ್ತು ರಂಜಕದ ಅಂಶಗಳು ಸೇರಿ ಆ ಪದರ ಗಟ್ಟಿಯಾಗುತ್ತದೆ. ಇದೇ ಕಿಟ್ಟ. ಒಮ್ಮೆ ಕಿಟ್ಟ ಕಟ್ಟಿದ ಮೇಲೆ ಅದು ಬ್ರಷ್ಷಿಗಾಗಲಿ ಬೇವಿನ ಕಡ್ಡಿಗಾಗಲಿ ಬಗ್ಗುವುದಿಲ್ಲ. ಅದರ ಒರಟು ಮೈಮೇಲೆ ಹೊಸ ಪದರ ಇನ್ನೂ ಬೇಗ ಬೆಳೆಯುತ್ತದೆ.

ಡೆನ್ಮಾರ್ಕಿನಲ್ಲಿ 1965ರಲ್ಲಿ ಹೆರಾಲ್ಡ್ ಲೋಯ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ ವಸಡುಳ್ಳ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರಲ್ಲಿಯೂ ವಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಆರಂಭಿಸಿದ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಈ ಹಂತದ ರೋಗಕ್ಕೆ ಸ್ವಚ್ಛತೆಯೇ ಸಾಕು, ಯಾವ ಮಾತ್ರೆಯೂ ಬೇಕಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಊತವು ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಕೆಲವರಲ್ಲಿ ರೋಗ ಕೆಳಕ್ಕೆ ಇಳಿಯುತ್ತದೆ. ಹಲ್ಲನ್ನು ಹಿಡಿದ ನಾರುಗಳು ಕಡಿಯುತ್ತವೆ, ಬೇರಿನ ಸುತ್ತಲಿನ ಮೂಳೆ ಕರಗುತ್ತದೆ. ಸೂಕ್ಷ್ಮಾಣುಗಳ ವಿರುದ್ಧ ಶರೀರ ನಡೆಸುವ ಹೋರಾಟದಲ್ಲಿಯೇ ಈ ಮೂಳೆ ಹೆಚ್ಚಾಗಿ ನಷ್ಟವಾಗುತ್ತದೆ. ಮೊದಲಿದ್ದ ಸಣ್ಣ ಕಾಲುವೆ ಈಗ ಗುಳಿಯಾಗುತ್ತದೆ. 4 ಮಿಲಿಮೀಟರ್ ಮತ್ತು ಅದಕ್ಕಿಂತ ಆಳವಾದದ್ದು ರೋಗದ ಗುಳಿ. 6 ಮಿಲಿಮೀಟರ್ ದಾಟಿದರೆ ಅದು ಆಳದ ಗುಳಿ. ಮೇಲೆ ಎಷ್ಟೇ ಉಜ್ಜಿದರೂ ಬ್ರಷ್ಷಿನ ಎಳೆ ಅಲ್ಲಿಗೆ ತಲುಪದು. ಕರಗಿದ ಮೂಳೆ ಬಹುಮಟ್ಟಿಗೆ ಮರಳಿ ಬೆಳೆಯುವುದಿಲ್ಲ. ಕೊಚ್ಚಿಹೋದ ಮೇಲ್ಮಣ್ಣಿನಂತೆ, ಇದ್ದದ್ದನ್ನು ಉಳಿಸಿಕೊಳ್ಳುವುದೇ ಇಲ್ಲಿ ಮುಖ್ಯ.

ಎಲ್ಲರಿಗೂ ಒಂದೇ ತೆರನಲ್ಲ: ಚಹಾ ತೋಟದ ಅಧ್ಯಯನ

ವಸಡು ರೋಗದ ಬಗ್ಗೆ ಹೆಸರಾದ ಅಧ್ಯಯನಗಳಲ್ಲೊಂದು ನಡೆದದ್ದು ನಮ್ಮ ನೆರೆಯ ಶ್ರೀಲಂಕಾದ ಚಹಾ ತೋಟಗಳಲ್ಲಿ. ಹೆರಾಲ್ಡ್ ಲೋಯ್ ಮತ್ತು ಸಂಗಡಿಗರೇ 1970ರಲ್ಲಿ ಇದನ್ನು ಆರಂಭಿಸಿದರು. ಎರಡು ತೋಟಗಳ 480 ಗಂಡು ಕೂಲಿಕಾರರನ್ನು, 14ರಿಂದ 31 ವರ್ಷ ವಯಸ್ಸಿನವರನ್ನು, ಪರೀಕ್ಷಿಸಲಾಯಿತು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ. ದಂತ ಚಿಕಿತ್ಸೆಯ ಸೌಲಭ್ಯವೂ ಇರಲಿಲ್ಲ. ಅವರಲ್ಲಿ ಸಿಕ್ಕವರನ್ನು 1985ರವರೆಗೂ ಮತ್ತೆ ಮತ್ತೆ ಪರೀಕ್ಷಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು.

ಎಲ್ಲರ ಹಲ್ಲಿನ ಮೇಲೆಯೂ ಪದರ ಮತ್ತು ಕಿಟ್ಟ ಧಾರಾಳವಾಗಿದ್ದವು. ಎಲ್ಲರ ವಸಡೂ ಊದಿಕೊಂಡಿತ್ತು. ಆದರೂ ಶೇ. 11ರಷ್ಟು ಜನರಲ್ಲಿ ರೋಗ ಆಳಕ್ಕೆ ಇಳಿಯಲೇ ಇಲ್ಲ. ಶೇ. 81ರಷ್ಟು ಜನರಲ್ಲಿ ನಿಧಾನವಾಗಿ ಇಳಿಯಿತು. ಇವರು 45ನೆಯ ವಯಸ್ಸಿಗೆ ಸರಾಸರಿ 7 ಹಲ್ಲು ಕಳೆದುಕೊಂಡರು. ಉಳಿದ ಶೇ. 8ರಷ್ಟು ಜನರಲ್ಲಿ ರೋಗ ಓಟದ ವೇಗದಲ್ಲಿ ನಡೆಯಿತು. 35ನೆಯ ವಯಸ್ಸಿಗೆ 12 ಹಲ್ಲು, 40ಕ್ಕೆ 20 ಹಲ್ಲು ಹೋದವು; 45ರ ಹೊತ್ತಿಗೆ ಬಾಯಿ ಬರಿದಾಯಿತು.

ಒಂದೇ ತೋಟ, ಒಂದೇ ಊಟ, ಒಂದೇ ಕೆಲಸ. ಆದರೂ ಫಲ ಮೂರು ಬಗೆ. ಒಂದೇ ಹೊಲದಲ್ಲಿ ಒಂದು ತಳಿ ರೋಗಕ್ಕೆ ತುತ್ತಾಗಿ ಇನ್ನೊಂದು ತಳಿ ತಡೆದುಕೊಳ್ಳುವುದನ್ನು ಕಂಡಿರುವ ರೈತರಿಗೆ ಇದು ಆಶ್ಚರ್ಯವಲ್ಲ. ಹುಟ್ಟುಗುಣ, ಸಿಹಿಮೂತ್ರ ರೋಗ, ತಂಬಾಕಿನ ಚಟ ಮುಂತಾದವು ಈ ವ್ಯತ್ಯಾಸಕ್ಕೆ ಕಾರಣ. ಪ್ರತಿಜೀವಕಗಳ ಪ್ರಶ್ನೆ ಬರುವುದು ಮುಖ್ಯವಾಗಿ ವೇಗವಾಗಿ ನಡೆಯುವ ಆ ಸಣ್ಣ ಗುಂಪಿನ ವಿಷಯದಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಗುರುತಿಸುವ ಲಕ್ಷಣಗಳು

1. ಹಲ್ಲುಜ್ಜುವಾಗ ಅಥವಾ ಕಬ್ಬು, ಸೀಬೆ ಕಚ್ಚುವಾಗ ವಸಡಿನಿಂದ ರಕ್ತ ಬರುವುದು.
2. ವಸಡು ಕೆಂಪಾಗಿ ಮೆತ್ತಗಾಗುವುದು, ಒತ್ತಿದರೆ ಕೀವು ಬರುವುದು.
3. ಬಾಯಿಯ ದುರ್ವಾಸನೆ ಬಿಡದೆ ಕಾಡುವುದು.
4. ವಸಡು ಹಿಂದೆ ಸರಿದು ಹಲ್ಲು ಉದ್ದವಾದಂತೆ ಕಾಣುವುದು.
5. ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದು ಬೀಳುವುದು.
6. ಹಲ್ಲು ಅಲುಗಾಡುವುದು, ರೊಟ್ಟಿ, ಕಡಲೆ ಅಗಿಯಲು ಕಷ್ಟವಾಗುವುದು.

ಈ ರೋಗದಲ್ಲಿ ನೋವು ಕಡಿಮೆ. ನೋವಿಲ್ಲ, ಆದ್ದರಿಂದ ರೋಗವಿಲ್ಲ ಎಂದು ತಿಳಿಯುವುದು ತಪ್ಪು. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಬರುವ ಲಕ್ಷಣವೂ ಮರೆಯಾಗಿರುತ್ತದೆ. ವಸಡು ನೋಡಲು ಚೆನ್ನಾಗಿಯೇ ಇದ್ದು ಒಳಗೆ ಮೂಳೆ ಕರಗುತ್ತಿರಬಹುದು.

ಮೊದಲ ಚಿಕಿತ್ಸೆ: ಬೇರಿನ ಶುದ್ಧಿ

ದಂತವೈದ್ಯರು ಮಿಲಿಮೀಟರ್ ಗುರುತಿರುವ ಮೊಂಡು ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಗುಳಿಯ ಆಳವನ್ನು ಅಳೆಯುತ್ತಾರೆ. ಮಣ್ಣು ಪರೀಕ್ಷೆಗೆ ಹೊಲದ ಹಲವು ಕಡೆಯಿಂದ ಮಾದರಿ ತೆಗೆಯುವಂತೆಯೇ ಇದು. ಜೊತೆಗೆ ಎಕ್ಸ್-ರೇ ತೆಗೆದು ಮೂಳೆ ಎಷ್ಟು ಉಳಿದಿದೆ ಎಂಬುದನ್ನು ನೋಡುತ್ತಾರೆ. ನಂತರ ವಸಡನ್ನು ಕೊಯ್ಯದೆಯೇ, ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕಂಪಿಸುವ ಯಂತ್ರದಿಂದ ಹಾಗೂ ಕೈ ಉಪಕರಣಗಳಿಂದ ಬೇರಿನ ಮೇಲಿನ ಕಿಟ್ಟವನ್ನೂ ಪದರವನ್ನೂ ಗುಳಿಯ ತಳದವರೆಗೆ ಕೆರೆದು ತೆಗೆಯುತ್ತಾರೆ. ಇದನ್ನೇ ಶಸ್ತ್ರಕ್ರಿಯೆ ಇಲ್ಲದ ಚಿಕಿತ್ಸೆ ಎನ್ನುತ್ತಾರೆ. ರೋಗದ ಪ್ರಮಾಣವನ್ನು ನೋಡಿ ಒಂದೆರಡು ಭೇಟಿಯಲ್ಲಿ ಅಥವಾ ನಾಲ್ಕಾರು ಭೇಟಿಗಳಲ್ಲಿ ಇದು ಮುಗಿಯುತ್ತದೆ.

ಇದರ ಫಲ ಚೆನ್ನಾಗಿ ಅಳೆದು ತಿಳಿದದ್ದು. 4ರಿಂದ 6 ಮಿಲಿಮೀಟರ್ ಆಳದ ಗುಳಿಗಳು ಸರಾಸರಿ ಸುಮಾರು 1.3 ಮಿಲಿಮೀಟರಿನಷ್ಟು, 7 ಮಿಲಿಮೀಟರಿಗೂ ಮಿಕ್ಕಿದವು ಸುಮಾರು 2.2 ಮಿಲಿಮೀಟರಿನಷ್ಟು ಕಡಿಮೆಯಾಗುತ್ತವೆ. ಸಡಿಲವಾಗಿದ್ದ ವಸಡು ಬೇರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ರಕ್ತ ನಿಲ್ಲುತ್ತದೆ, ಹಲವು ಹಲ್ಲುಗಳ ಅಲುಗಾಟವೂ ಕಡಿಮೆಯಾಗುತ್ತದೆ.

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂಬ ಅಂಜಿಕೆ ಹಳ್ಳಿಗಳಲ್ಲಿ ಬಲವಾಗಿದೆ. ನಿಜ ಸಂಗತಿ ಏನೆಂದರೆ, ಹಲ್ಲುಗಳ ನಡುವೆ ಗಾರೆಯಂತೆ ತುಂಬಿಕೊಂಡಿದ್ದ ಕಿಟ್ಟ ಹೋಗಿ, ಊದಿದ್ದ ವಸಡು ಇಳಿದ ಮೇಲೆ, ಮೊದಲೇ ಆಗಿದ್ದ ಹಾನಿ ಕಣ್ಣಿಗೆ ಬೀಳುತ್ತದೆ. ಚಿಕಿತ್ಸೆಯ ನಂತರ ಕೆಲವು ವಾರ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದುಂಟು. ಅದು ಕ್ರಮೇಣ ಕಡಿಮೆಯಾಗುತ್ತದೆ. ಇದಕ್ಕೆ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು.

ಮಾತ್ರೆಯೊಂದೇ ಏಕೆ ಸಾಲದು?

ಕೀವು ಬರಲು ರೋಗಾಣು ಕಾರಣವಾದರೆ ರೋಗಾಣು ಕೊಲ್ಲುವ ಮಾತ್ರೆಯಿಂದಲೇ ವಾಸಿಯಾಗಬೇಕಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ರೋಗಾಣುಗಳು ವಾಸಿಸುವ ರೀತಿಯಲ್ಲಿದೆ. ಗುಳಿಯಲ್ಲಿ ಅವು ಬಿಡಿಬಿಡಿಯಾಗಿ ಇರುವುದಿಲ್ಲ. ಹಲವು ಜಾತಿಯವು ಒಟ್ಟಾಗಿ, ತಾವೇ ಸ್ರವಿಸಿದ ಅಂಟಿನೊಳಗೆ ಹುದುಗಿ, ಪದರದ ಮೇಲೆ ಪದರವಾಗಿ ಬೇರಿಗೆ ಕಚ್ಚಿಕೊಂಡಿರುತ್ತವೆ. ಔಷಧಿ ಈ ಅಂಟಿನ ಒಳಗೆ ಸುಲಭವಾಗಿ ಇಳಿಯುವುದಿಲ್ಲ. ತಳದಲ್ಲಿರುವ ರೋಗಾಣುಗಳು ಬಹಳ ನಿಧಾನವಾಗಿ ಬೆಳೆಯುವುದರಿಂದ, ಬೆಳೆಯುವ ರೋಗಾಣುವನ್ನೇ ಹೊಡೆಯುವ ಔಷಧಿಗಳಿಗೆ ಅವು ಸಿಕ್ಕುವುದೂ ಕಡಿಮೆ. ಬಿಡಿಯಾಗಿ ತೇಲುವ ರೋಗಾಣುವನ್ನು ಕೊಲ್ಲುವ ಪ್ರಮಾಣದ ನೂರಾರು ಪಟ್ಟು ಔಷಧಿಯನ್ನೂ ಪದರದಲ್ಲಿರುವ ಅದೇ ರೋಗಾಣು ತಡೆದುಕೊಳ್ಳಬಲ್ಲದು.

ಆದುದರಿಂದ ಮಾತ್ರೆ ನುಂಗಿದಾಗ ಆಗುವುದಿಷ್ಟೇ: ಅಂಗಾಂಶದೊಳಗೆ ನುಗ್ಗಿದ ಮತ್ತು ಮೇಲೆ ತೇಲುವ ರೋಗಾಣುಗಳು ಸಾಯುತ್ತವೆ, ಊತ ಇಳಿಯುತ್ತದೆ. ಕಿಟ್ಟ ಅಲ್ಲಿಯೇ ಇರುತ್ತದೆ, ಪದರದ ತಳವೂ ಅಲ್ಲಿಯೇ ಇರುತ್ತದೆ. ಮಾತ್ರೆ ಮುಗಿದ ಮೇಲೆ ಅಲ್ಲಿಂದಲೇ ರೋಗ ಮತ್ತೆ ಚಿಗುರುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಊತ ಇಳಿದ ಸಮಾಧಾನದಲ್ಲಿ ರೋಗಿ ದಂತವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾನೆ. ಆ ಅವಧಿಯಲ್ಲಿ ಮೂಳೆ ಕರಗುತ್ತಲೇ ಇರುತ್ತದೆ.

ಪ್ರತಿಜೀವಕಗಳು ಈ ಚಿಕಿತ್ಸೆಗೆ ಬಂದ ಬಗೆ

ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ 1962ರಲ್ಲಿ ಡಿ. ಎಲ್. ಎಸ್. ಶಿನ್ ಎಂಬ ವೈದ್ಯರು ಒಂದು ಕುತೂಹಲದ ಸಂಗತಿಯನ್ನು ವರದಿ ಮಾಡಿದರು. ಬೇರೊಂದು ಸೋಂಕಿಗಾಗಿ ಮೆಟ್ರೊನಿಡಜೋಲ್ ಎಂಬ ಔಷಧಿ ತೆಗೆದುಕೊಂಡ ಮಹಿಳೆಯೊಬ್ಬರ ವಸಡಿನ ಹುಣ್ಣು ಸಹ ವಾಸಿಯಾಗಿತ್ತು. ನೀರು ನಿಂತ ಗದ್ದೆಯ ಮಣ್ಣಿನಂತೆ ಆಳದ ಗುಳಿಯಲ್ಲಿಯೂ ಆಮ್ಲಜನಕ ಬಹಳ ಕಡಿಮೆ. ಅಂತಹ ಕಡೆ ಬೆಳೆಯುವ ರೋಗಾಣುಗಳ ಮೇಲೆ ಮೆಟ್ರೊನಿಡಜೋಲ್ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಎಳೆಯ ವಯಸ್ಸಿನಲ್ಲಿಯೇ ಮೂಳೆ ಕರಗಿಸುವ ರೋಗದಲ್ಲಿ ಕಾಣುವ ಇನ್ನೊಂದು ರೋಗಾಣುವಿಗೆ ಈ ಒಂದೇ ಔಷಧಿ ಸಾಲದಾಯಿತು. ನೆದರ್ಲೆಂಡ್ಸಿನ ವಾನ್ ವಿಂಕೆಲ್‌ಹಾಫ್ ಮತ್ತು ಸಂಗಡಿಗರು 1989ರಲ್ಲಿ, ಬೇರಿನ ಶುದ್ಧಿಯ ಜೊತೆಗೆ ಮೆಟ್ರೊನಿಡಜೋಲ್ ಮತ್ತು ಅಮಾಕ್ಸಿಸಿಲಿನ್ ಎರಡನ್ನೂ ಕೂಡಿಸಿ ಕೊಟ್ಟು ಉತ್ತಮ ಫಲ ಕಂಡುದಾಗಿ ವರದಿ ಮಾಡಿದರು. ಅಂದಿನಿಂದ ಈ ಜೋಡಿಯೇ ಹೆಚ್ಚಾಗಿ ಬಳಕೆಯಲ್ಲಿದೆ. ಡಾಕ್ಸಿಸೈಕ್ಲಿನ್, ಅಜಿಥ್ರೊಮೈಸಿನ್ ಮುಂತಾದವುಗಳನ್ನೂ ಪರೀಕ್ಷಿಸಲಾಗಿದೆ. ಒಂದೆರಡು ಗುಳಿಗಳಲ್ಲಿ ಮಾತ್ರ ರೋಗವಿದ್ದರೆ ಗುಳಿಯೊಳಗೇ ಇಡುವ ಔಷಧಿಯ ಎಳೆ ಅಥವಾ ಲೇಪವನ್ನು ದಂತವೈದ್ಯರು ಬಳಸುವುದೂ ಉಂಟು.

ಪ್ರಯೋಗಗಳು ಏನು ಹೇಳುತ್ತವೆ?

ಹೊಸ ಗೊಬ್ಬರದ ಗುಣ ತಿಳಿಯಲು ಗೊಬ್ಬರ ಹಾಕಿದ ತಾಕು ಮತ್ತು ಹಾಕದ ತಾಕುಗಳನ್ನು ಹೋಲಿಸುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಲಾಯಿತು. ಜರ್ಮನಿಯ ಹಲವು ಕೇಂದ್ರಗಳಲ್ಲಿ 500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಬೇರಿನ ಶುದ್ಧಿ ಮಾಡಿ, ಮೂರು ತಿಂಗಳಿಗೊಮ್ಮೆ ಪಾಲನೆಯ ಚಿಕಿತ್ಸೆ ಕೊಡಲಾಯಿತು. ಅರ್ಧ ಜನಕ್ಕೆ ಮೇಲೆ ಹೇಳಿದ ಜೋಡಿ ಔಷಧಿಯನ್ನು 7 ದಿನ, ಉಳಿದ ಅರ್ಧಕ್ಕೆ ನೋಡಲು ಅಂತಹುದೇ ಆದ ಔಷಧಿಯಿಲ್ಲದ ಮಾತ್ರೆಯನ್ನು ನೀಡಲಾಯಿತು. ಎರಡೂಕಾಲು ವರ್ಷದ ನಂತರ ಅಳೆದಾಗ, ಹಲ್ಲಿನ ಹಿಡಿತ ಮತ್ತಷ್ಟು ಕಳೆದುಹೋದ ಸ್ಥಳಗಳು ಔಷಧಿ ಪಡೆಯದವರಲ್ಲಿ ಸುಮಾರು ಶೇ. 7.8 ಹಾಗೂ ಔಷಧಿ ಪಡೆದವರಲ್ಲಿ ಶೇ. 5.3 ಇದ್ದವು.

ಔಷಧಿಯಿಂದ ಪ್ರಯೋಜನವಿದೆ, ಆದರೆ ಅದು ಸಣ್ಣದು ಎಂಬುದು ಈ ಅಂಕಿಗಳಿಂದ ಸ್ಪಷ್ಟ. ಔಷಧಿಯಿಲ್ಲದ ಗುಂಪಿನಲ್ಲಿಯೂ ನೂರಕ್ಕೆ 92 ಸ್ಥಳಗಳಲ್ಲಿ ರೋಗ ಹಿಡಿತಕ್ಕೆ ಬಂದಿತ್ತು. ಆ ಕೆಲಸವನ್ನು ಮಾಡಿದ್ದು ಶುದ್ಧಿ ಮತ್ತು ಪಾಲನೆ.

2020ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯೊಂದು ಇಂತಹ 45 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಒಂದು ವರ್ಷ ಮತ್ತು ಅದಕ್ಕೂ ಮುಂದಿನ ಲಾಭದ ಬಗ್ಗೆ ದೊರೆತ ಪುರಾವೆ ಬಹಳ ದುರ್ಬಲವಾಗಿದೆ ಎಂಬುದು ಅದರ ನಿರ್ಣಯ. ಅದೇ ವರ್ಷ ಯುರೋಪಿನ ವಸಡು ತಜ್ಞರ ಒಕ್ಕೂಟ ಹೊರತಂದ ಮಾರ್ಗದರ್ಶಿಯು, ಪ್ರತಿಜೀವಕಗಳನ್ನು ವಾಡಿಕೆಯಾಗಿ ಎಲ್ಲರಿಗೂ ಕೊಡಬಾರದು. ಬಾಯಿಯ ಬಹುಭಾಗದಲ್ಲಿ ತೀವ್ರ ರೋಗವಿರುವ ಯುವಕರಂತಹ ಆಯ್ದ ಗುಂಪಿಗೆ ಮಾತ್ರ ಯೋಚಿಸಬಹುದು ಎಂದು ತಿಳಿಸಿತು.

ಯಾರಿಗೆ ಬೇಕು? ಯಾರಿಗೆ ಬೇಡ?

ಬೆಳೆಯಲ್ಲಿ ಒಂದು ಕೀಟ ಕಂಡ ಕೂಡಲೇ ಸಿಂಪಡಿಸಬೇಡಿ, ಆರ್ಥಿಕ ಹಾನಿಯ ಮಟ್ಟ ತಲುಪಿದೆಯೇ ನೋಡಿ ಎಂದು ನಾವು ರೈತರಿಗೆ ಹೇಳುತ್ತೇವೆ. ಪ್ರತಿಜೀವಕಗಳಿಗೂ ಅಂತಹುದೇ ಮಟ್ಟವಿದೆ. ಅದನ್ನು ನಿರ್ಧರಿಸುವವರು ಗುಳಿಯನ್ನು ಅಳೆದ ದಂತವೈದ್ಯರು.

ಪರಿಗಣಿಸಬಹುದಾದವರು:

1. ಚಿಕ್ಕ ವಯಸ್ಸಿನಲ್ಲಿಯೇ ಹಲವು ಹಲ್ಲುಗಳ ಸುತ್ತ ಮೂಳೆ ವೇಗವಾಗಿ ಕರಗುತ್ತಿರುವವರು.
2. ಬಾಯಿಯ ಬಹುಭಾಗದಲ್ಲಿ ಆಳದ ಗುಳಿಗಳಿರುವ ತೀವ್ರ ರೋಗಿಗಳಲ್ಲಿ ವೈದ್ಯರು ಆರಿಸಿದವರು.
3. ಕೀವುಗಡ್ಡೆಯ ಜೊತೆಗೆ ಜ್ವರ ಅಥವಾ ಮುಖದ ಊತವಿರುವವರು. ಇವರಿಗೂ ಮೊದಲು ಕೀವು ಹೊರಹಾಕಬೇಕು.

ಬೇಡವಾದವರು:

1. ವಸಡಿನಲ್ಲಿ ರಕ್ತ ಮಾತ್ರ ಬರುತ್ತಿದ್ದು ಮೂಳೆ ಕರಗದಿರುವವರು.
2. ಸಾಧಾರಣ ಮಟ್ಟದ ರೋಗವಿದ್ದು ಶುದ್ಧಿಯಿಂದಲೇ ಗುಣವಾಗುವವರು.
3. ಬೇರಿನ ಶುದ್ಧಿ ಮಾಡಿಸಿಕೊಳ್ಳಲು ಒಪ್ಪದೆ ಮಾತ್ರೆ ಮಾತ್ರ ಕೇಳುವವರು.

ಯಾವಾಗ ಮತ್ತು ಹೇಗೆ?

ಕಳೆ ಮೊಳೆಯುವ ಮುನ್ನ ಸಿಂಪಡಿಸುವ ಕಳೆನಾಶಕ ಫಲ ಕೊಡಬೇಕಾದರೆ ಭೂಮಿ ಹೆಂಟೆಯಿಲ್ಲದೆ ಹದವಾಗಿರಬೇಕು. ಬಿತ್ತನೆಯಾದ ಎರಡು ಮೂರು ದಿನಗಳೊಳಗೆ ಸಿಂಪಡಿಸಬೇಕು. ಮೊದಲೇ ಹೊಡೆದರೂ ವ್ಯರ್ಥ, ತಡವಾದರೂ ವ್ಯರ್ಥ. ಪ್ರತಿಜೀವಕದ ವಿಷಯದಲ್ಲಿಯೂ ತಜ್ಞರ ಸಲಹೆ ಇದೇ ಬಗೆಯದು. ಬೇರಿನ ಶುದ್ಧಿಯನ್ನು ಸಾಧ್ಯವಾದಷ್ಟು ಒಂದು ವಾರದೊಳಗೆ ಪೂರೈಸಿ, ಅದು ಮುಗಿದ ದಿನವೇ ಮಾತ್ರೆ ಆರಂಭಿಸಬೇಕು. ಪದರ ಒಡೆದು ಚದುರಿದ ರೋಗಾಣುಗಳ ಮೇಲೆ ಔಷಧಿ ಆಗ ಸರಿಯಾಗಿ ಕೆಲಸ ಮಾಡುತ್ತದೆ.

ಮಾತ್ರೆಯ ಪ್ರಮಾಣವನ್ನು ಈ ಲೇಖನದಲ್ಲಿ ಬೇಕೆಂದೇ ಕೊಟ್ಟಿಲ್ಲ. ರೋಗಿಯ ತೂಕ, ಇತರ ಕಾಯಿಲೆಗಳು, ಸೇವಿಸುತ್ತಿರುವ ಬೇರೆ ಔಷಧಿಗಳನ್ನು ನೋಡಿ ವೈದ್ಯರೇ ಅದನ್ನು ಬರೆಯಬೇಕು. ಈ ಔಷಧಿಗಳು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿದವು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ರೋಗಿಗಳು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಹಿಂದೆ ಪೆನಿಸಿಲಿನ್ ಚುಚ್ಚುಮದ್ದು ಅಥವಾ ಮಾತ್ರೆಯಿಂದ ಮೈಮೇಲೆ ದದ್ದು, ಉಸಿರುಕಟ್ಟುವಿಕೆ ಆಗಿದ್ದರೆ ತಪ್ಪದೆ ತಿಳಿಸಬೇಕು. ಅಂತಹವರಿಗೆ ಅಮಾಕ್ಸಿಸಿಲಿನ್ ಪ್ರಾಣಾಪಾಯ ತರಬಹುದು.
2. ಮೆಟ್ರೊನಿಡಜೋಲ್ ಸೇವಿಸುವಾಗ ಮತ್ತು ಮುಗಿದ ಮೇಲೆ ಕನಿಷ್ಠ ಮೂರು ದಿನ ಸೇಂದಿ, ಸಾರಾಯಿ ಮುಂತಾದ ಯಾವ ಮದ್ಯವನ್ನೂ ಮುಟ್ಟಬಾರದು. ವಾಂತಿ, ಎದೆಬಡಿತ ಕಾಣಿಸಿಕೊಳ್ಳಬಹುದು.
3. ಹೃದಯ ಅಥವಾ ರಕ್ತನಾಳದ ತೊಂದರೆಗಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಗರ್ಭಿಣಿಯರೂ ಮೊದಲೇ ತಿಳಿಸಬೇಕು.
4. ಬಾಯಲ್ಲಿ ಲೋಹದ ರುಚಿ, ಓಕರಿಕೆ, ಸ್ವಲ್ಪ ಭೇದಿ ಆಗುವುದುಂಟು. ಹೆಚ್ಚಾದರೆ ವೈದ್ಯರನ್ನು ಕೇಳಬೇಕು.
5. ವೈದ್ಯರು ಬರೆದಷ್ಟು ದಿನ, ಹೇಳಿದ ಹೊತ್ತಿಗೆ ನುಂಗಬೇಕು. ಉಳಿಸಿಟ್ಟು ಮನೆಯ ಇನ್ನೊಬ್ಬರಿಗೆ ಕೊಡಬಾರದು.

ಔಷಧಿಗೆ ಬಗ್ಗದ ರೋಗಾಣುಗಳು

ಒಂದೇ ಕೀಟನಾಶಕವನ್ನು ವರ್ಷಾನುವರ್ಷ ಸಿಂಪಡಿಸಿದರೆ ಕೀಟ ಅದಕ್ಕೆ ಬಗ್ಗದಂತಾಗುವುದನ್ನು ಹತ್ತಿ ಬೆಳೆಗಾರರು ಅನುಭವದಿಂದ ಬಲ್ಲರು. ರೋಗಾಣುಗಳೂ ಹಾಗೆಯೇ. ಬೇಡದ ಕಡೆ ಬಳಸಿದ ಪ್ರತಿ ಮಾತ್ರೆಯೂ ಬಾಯಿಯಲ್ಲಿ, ಕರುಳಿನಲ್ಲಿ ಇರುವ ಅಸಂಖ್ಯ ಸೂಕ್ಷ್ಮಾಣುಗಳ ಪೈಕಿ ಔಷಧಿಯನ್ನು ತಡೆದುಕೊಳ್ಳುವಂತಹವನ್ನೇ ಆರಿಸಿ ಬೆಳೆಸುತ್ತದೆ. ಮುಂದೆ ನ್ಯುಮೋನಿಯ ಆದಾಗಲೋ ಶಸ್ತ್ರಕ್ರಿಯೆಯ ಗಾಯಕ್ಕೆ ಸೋಂಕು ತಗುಲಿದಾಗಲೋ ಅದೇ ಔಷಧಿ ಕೈಕೊಡುತ್ತದೆ.

ಇದು ಆಸ್ಪತ್ರೆಯೊಂದರ ವಿಷಯವಲ್ಲ. ದಾಳಿಂಬೆಯ ದುಂಡಾಣು ಅಂಗಮಾರಿಗೂ ಭತ್ತದ ದುಂಡಾಣು ರೋಗಕ್ಕೂ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸಿಂಪಡಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಇದೇ ಕಾರಣದಿಂದ ಕೇಂದ್ರ ಸರ್ಕಾರ 2021ರಲ್ಲಿ ಆದೇಶ ಹೊರಡಿಸಿ, 2024ರ ಜನವರಿಯಿಂದ ಬೆಳೆಗಳಿಗೆ ಅವುಗಳ ಬಳಕೆಯನ್ನು ನಿಷೇಧಿಸಿತು. ಹೊಲದಲ್ಲಿ ಬೇಡವೆಂದ ದುಂದು ಮನೆಯೊಳಗೂ ಬೇಡ.

ಚಿಕಿತ್ಸೆಯ ನಂತರದ ಪಾಲನೆ

ಶುದ್ಧಿಯಾದ ಎರಡು ಮೂರು ತಿಂಗಳ ನಂತರ ಗುಳಿಗಳನ್ನು ಮತ್ತೆ ಅಳೆಸಬೇಕು. ಆಗಲೂ ಆಳದ ಗುಳಿಗಳು ಉಳಿದಿದ್ದು ರಕ್ತ ಬರುತ್ತಿದ್ದರೆ ಮತ್ತೊಮ್ಮೆ ಶುದ್ಧಿ ಅಥವಾ ವಸಡನ್ನು ಬಿಡಿಸಿ ಮಾಡುವ ಸಣ್ಣ ಶಸ್ತ್ರಕ್ರಿಯೆ ಬೇಕಾಗಬಹುದು. ಅನಂತರ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಒಂದು ಸಲ ಕಳೆ ಕಿತ್ತರೆ ಹೊಲ ಎಂದೆಂದಿಗೂ ಹಸನಾಗಿ ಉಳಿಯುವುದಿಲ್ಲವಷ್ಟೆ.

ದಿನಕ್ಕೆರಡು ಸಲ ಮೆದು ಬ್ರಷ್ಷಿನಿಂದ ವಸಡಿನ ಅಂಚಿನಲ್ಲಿ ನಿಧಾನವಾಗಿ ಉಜ್ಜಬೇಕು. ಸಂದುಗಳಿಗೆ ಸಣ್ಣ ಸಂದು ಬ್ರಷ್ಷು ಬಳಸಬೇಕು. ಇದ್ದಿಲು, ಇಟ್ಟಿಗೆ ಪುಡಿ, ಮರಳು ಬೇಡ. ಅವು ಹಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿಗಳನ್ನು ಬಿಡಲೇಬೇಕು. ತಂಬಾಕು ಬಿಡದವರಲ್ಲಿ ಶುದ್ಧಿಯ ಫಲವೂ ಕಡಿಮೆ.

ಸಿಹಿಮೂತ್ರ ರೋಗಕ್ಕೂ ವಸಡು ರೋಗಕ್ಕೂ ಎರಡು ಕಡೆಯ ಸಂಬಂಧವಿದೆ. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಮೂಳೆ ಬೇಗ ಕರಗುತ್ತದೆ. ಅದೇ ರೀತಿ ವಸಡಿಗೆ ಚಿಕಿತ್ಸೆ ಮಾಡಿದರೆ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಸುಮಾರು 0.4ರಷ್ಟು ಇಳಿಯುವುದು ಕಂಡುಬಂದಿದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ವಸಡನ್ನು ಪರೀಕ್ಷಿಸಿಕೊಳ್ಳಲೇಬೇಕು. ಹಲ್ಲು ಅಲುಗಾಡುವವರು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮ ಸಭೆಗಳಲ್ಲಿ, ಮಹಿಳಾ ಸಂಘಗಳಲ್ಲಿ ಮೇಲೆ ಕೊಟ್ಟಿರುವ ಆರು ಲಕ್ಷಣಗಳನ್ನು ಓದಿ ಹೇಳಿದರೂ ಸಾಕು, ಹಲವರು ತಮ್ಮ ರೋಗವನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ಅಂತಹವರನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ, ಇಲ್ಲವೇ ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೆ ಕಳುಹಿಸಬೇಕು. ಯಾವ ಕಾರಣಕ್ಕೂ ಮಾತ್ರೆಯ ಹೆಸರು ಬರೆದುಕೊಡಬಾರದು. ದವಡೆ ಅಥವಾ ಕುತ್ತಿಗೆ ಊದಿಕೊಂಡು, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ತುರ್ತು ಸ್ಥಿತಿ. ಅಂದೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಚಿಕಿತ್ಸೆಗೆ ಹೋದವರು ವೈದ್ಯರನ್ನು ಮೂರು ಪ್ರಶ್ನೆ ಕೇಳಲಿ: ನನ್ನ ಗುಳಿಗಳ ಆಳವೆಷ್ಟು? ಬೇರಿನ ಶುದ್ಧಿ ಎಷ್ಟು ಭೇಟಿಗಳಲ್ಲಿ ಮುಗಿಯುತ್ತದೆ? ಮಾತ್ರೆ ಬರೆದಿದ್ದರೆ, ಅದು ನನಗೆ ಏಕೆ ಬೇಕು? ಕೇಳಿದರೆ ವೈದ್ಯರು ಬೇಸರಪಡುವುದಿಲ್ಲ.

ಒಟ್ಟಿನಲ್ಲಿ ತೀವ್ರ ವಸಡು ರೋಗದಿಂದ ಹಲ್ಲುಗಳನ್ನು ಉಳಿಸುವುದು ಬೇರಿನ ಶುದ್ಧಿ, ದಿನನಿತ್ಯದ ಸ್ವಚ್ಛತೆ ಮತ್ತು ಬಿಡದ ಪಾಲನೆ. ಪ್ರತಿಜೀವಕವು ಕೆಲವೇ ರೋಗಿಗಳಿಗೆ, ಶುದ್ಧಿಯ ಬೆನ್ನಿಗೆ, ಕೆಲವೇ ದಿನ ಬೇಕಾಗುವ ಬೆಂಬಲ. ಮುಂದಿನ ಸಲ ವಸಡಿನಲ್ಲಿ ರಕ್ತ ಕಂಡಾಗ ರೈತ ಬಾಂಧವರು ಔಷಧಿ ಅಂಗಡಿಯ ಬದಲು ದಂತವೈದ್ಯರ ಬಾಗಿಲಿಗೆ ಹೋಗುವುದು ಕ್ಷೇಮಕರ.